ಮಡಿಕಟ್ಟೆ ಕಾಣುವವರು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಣ್ಣೆಗಾಣದ ತಿರುವಿನಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ತಲೆ ಬಗ್ಗಿಸಿಕೊಂಡು ಹೋಗುತ್ತೀರಲ್ಲ, ಅಲ್ಲಿ ಯಾವ ದೇವರಿದೆ? ದೇವರಿಲ್ಲ, ಹುಣಿಸೆಮರದ ಕೊಂಬೆಯಿದೆ. ಕಾಣುವುದಿಲ್ಲ, ಅಷ್ಟೆ. ಆ ಮರ ಕಡಿಯುತ್ತೇವೆಂದು ಯೋಜನಾ ಕಚೇರಿಯವರು ನೋಟೀಸು ಅಂಟಿಸಿದಾಗ ಗಡುವಿನೊಳಗೆ ಹೋಗಿ ಆಕ್ಷೇಪಣೆ ಹೇಳಿದವನು ನಿಂಗಾಚಾರಿ ಒಬ್ಬನೇ, ಅದರ ಬುಡದಲ್ಲಿ ಕೂತು ಗಾಡಿಯ ಚಕ್ರ ಮಾಡುವವನು. ಗಡುವು ಮುಗಿದ ಮೇಲೆ ನೋಟೀಸು ಬಿದ್ದ ವಸ್ತು ಆಕ್ಷೇಪಣೆ ಹೇಳಿದವರ ಕಣ್ಣಿಗಷ್ಟೇ ಉಳಿಯುವುದು ನಮ್ಮೂರಿನ ಕಟ್ಟಳೆ, ಹಾಗಾಗಿ ಮರ ಅವನಿಗೆ ಮಾತ್ರ ಕಾಣುತ್ತದೆ. ಉಳಿದವರಿಗೆ ಅದು ಹಣೆಗೆ ಬಡಿದಾಗಷ್ಟೇ ಇದೆ. ಹಣೆ ಉಜ್ಜಿಕೊಳ್ಳುತ್ತಾ "ಅವತ್ತೇ ಹೋಗಿ ತಕರಾರು ಕೊಡಬೇಕಿತ್ತು" ಎಂದು ಗೊಣಗುವುದು ನಮ್ಮಲ್ಲಿ ನಮಸ್ಕಾರ ಹೇಳಿದಷ್ಟೇ ಸಾಮಾನ್ಯ. ಕಾಣುವವರು ಒಬ್ಬರಾದರೂ ಊರಿನಲ್ಲಿರುವ ತನಕ ಕಚೇರಿಯವರು ಆ ವಸ್ತುವಿನ ಮೇಲೆ ಕೈಯಿಡುವಂತಿಲ್ಲ. ಅಂಥವರು ಯಾರೂ ಉಳಿಯಲಿಲ್ಲವೋ, ಮಾರನೆಯ ದಿನವೇ ಗುದ್ದಲಿ ಕೊಡಲಿ ಬರುತ್ತವೆ.

ನಾನು ಹೊಂಬಾಳಿ, ಮಡಿವಾಳರ ಬೀದಿಯವಳು. ನಮ್ಮ ಬೀದಿಯ ಕೊನೆಗೆ ಮಡಿಕಟ್ಟೆಯೆಂಬ ಕೊಳವಿದೆ. ಮೂರು ಕಡೆ ಮೆಟ್ಟಿಲು, ಆಚೆ ದಡದಲ್ಲಿ ಕೆಂದಾವರೆ. ಊರಿನವರ ಹಾಸಿಗೆ ಹೊದಿಕೆ, ಮದುವೆಯ ಜಮಖಾನ, ಆಸ್ಪತ್ರೆಯ ದುಪ್ಪಟಿ, ವಕೀಲರ ಕರಿಕೋಟು ಎಲ್ಲವೂ ಕೊಳೆಯಾದ ಮೇಲೆ ಅಲ್ಲಿಗೇ ಬರಬೇಕು. ಒಂದೊಂದು ಮನೆಗೆ ಒಂದೊಂದು ಒಗೆಯುವ ಕಲ್ಲು. ನಮ್ಮ ಅತ್ತೆಯ ಕಲ್ಲು ಎಲ್ಲಕ್ಕಿಂತ ನುಣುಪಾದದ್ದು. ರೇಷ್ಮೆ ಸೀರೆಯನ್ನೂ ಅದರ ಮೇಲೆ ಹೆದರದೆ ಉಜ್ಜಬಹುದಿತ್ತು. ಅತ್ತೆ ತೀರಿಕೊಂಡ ಮೇಲೆ ಆ ಕಲ್ಲು ಯಾರಿಗೆಂದು ನನಗೂ ನನ್ನ ಓರಗಿತ್ತಿ ಮುದ್ದೀರಮ್ಮನಿಗೂ ದೊಡ್ಡ ಜಗಳವೇ ಆಯಿತು. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಹಿರಿತನ ನೋಡಿ ಬೀದಿಯವರು ಕಲ್ಲನ್ನು ಅವಳಿಗೇ ಕೊಟ್ಟರು. ನಾನು ಅವಳ ಜೊತೆ ಮಾತು ಬಿಟ್ಟೆ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಪೂರ್ತಿ ಮಾತು ಬಿಡುವುದು ಆಗದ ಕೆಲಸ. ಅದಕ್ಕೆ ಏನಾದರೂ ಹೇಳಲೇಬೇಕಾದಾಗ ಅವಳ ಕತ್ತೆಗೆ ಹೇಳುತ್ತಿದ್ದೆ. ಯಾರು ಎಷ್ಟು ಕೂಗಿದರೂ ಅವಸರಪಡದ ಪ್ರಾಣಿಯೆಂದು ಅದಕ್ಕೆ ಸಾಹುಕಾರ ಎಂದೇ ಹೆಸರಿಟ್ಟಿದ್ದರು. "ನೋಡಪ್ಪ ಸಾಹುಕಾರ, ನನ್ನ ಹಗ್ಗದ ಮೇಲೂ ಯಾರೋ ಸೀರೆ ಹರವವ್ರೆ" ಎಂದು ನಾನು ಹೇಳಿದರೆ, "ಸಾಹುಕಾರ, ಹಗ್ಗಕ್ಕೆ ಹೆಸರು ಬರೆದಿರಲಿಲ್ಲ ಅಂತ ಹೇಳು" ಎಂದು ಅವಳು ಅದಕ್ಕೇ ಉತ್ತರ ಕೊಡುತ್ತಿದ್ದಳು. ಕತ್ತೆ ಇಬ್ಬರ ಮಾತನ್ನೂ ಒಂದೇ ಸಮಾಧಾನದಿಂದ ಕೇಳುತ್ತಿತ್ತು.

ಮಡಿಕಟ್ಟೆ ಮುಚ್ಚಿ ಬಸ್ ನಿಲ್ದಾಣ ಮಾಡುವ ನೋಟೀಸನ್ನು ಕಚೇರಿಯವರು ತಮ್ಮ ಹಿಂದಿನ ಗೋಡೆಗೆ, ಸೈಕಲ್ಲು ನಿಲ್ಲಿಸುವ ಕಡೆ ಅಂಟಿಸಿದ್ದರು. ಹಾಗಿದ್ದರೂ ನಮಗೆ ತಿಳಿಯಿತು. ಆಕ್ಷೇಪಣೆ ಹೇಳುವುದೆಂದರೆ ಒಂದು ದಿನದ ಕೆಲಸ ಹಾಳಾಯಿತೆಂದೇ ಲೆಕ್ಕ. ಬೆಳಿಗ್ಗೆ ಹೋಗಿ ಬೆಂಚಿನ ಮೇಲೆ ಕೂತರೆ ಸಾಹೇಬರು ಕರೆಯುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಎಲ್ಲರೂ ಹೋಗಿ ಕೂತರೆ ಬಟ್ಟೆ ಒಗೆಯುವವರು ಯಾರು? ಅದಕ್ಕೇ ನಮ್ಮ ಊರಿನಲ್ಲಿ ಬೀದಿಗೊಬ್ಬರು ಹೋಗುವ ರೂಢಿ ಬೆಳೆದಿತ್ತು. ಕುಂಬಾರರ ಬೀದಿಯಿಂದ ಒಬ್ಬರು, ಗಾಣಿಗರ ಬೀದಿಯಿಂದ ಒಬ್ಬರು. ಅವರು "ಬೀದಿಯ ಪರವಾಗಿ" ಎಂದರೆ ಕಚೇರಿಯವರು ಬೀದಿಯ ಪರವಾಗಿ ಎಂದೇ ಬರೆದುಕೊಳ್ಳುತ್ತಿದ್ದರು, ಬೀದಿಯವರಿಗೆಲ್ಲ ಕಾಣುತ್ತಿತ್ತು. ಈ ಸಲ ನಮ್ಮವರು ಮುದ್ದೀರಮ್ಮನನ್ನು ಕಳಿಸಿದರು. ಅವಳ ಗಂಟಲು ಅಂಥದ್ದು. ಆಚೆ ದಡದಲ್ಲಿ ಎಮ್ಮೆ ನೀರಿಗಿಳಿದರೆ ಈಚೆಯಿಂದಲೇ ಅವಳು ಬೈಯುವ ಬೈಗುಳಕ್ಕೆ ಎಮ್ಮೆಯ ಜೊತೆ ಎಮ್ಮೆಯವನೂ ಓಡಬೇಕು. ಸಂಜೆ ವಾಪಸು ಬಂದವಳು ಬೀದಿಯ ನಡುವೆ ನಿಂತು, "ನಿಮ್ಮೆಲ್ಲರ ಪರವಾಗಿ ಹೇಳಿವ್ನಿ, ಇನ್ನು ಸುಮ್ಕೆ ಮಲಗಿ" ಅಂದಳು. ನಾವು ಮಲಗಿದೆವು.

ಗಡುವು ಮುಗಿದ ಮಾರನೆಯ ಬೆಳಿಗ್ಗೆ ಗಂಟು ಹೊತ್ತು ಹೋದರೆ ಬೀದಿಯ ಕೊನೆಯಲ್ಲಿ ಬಯಲು. ಕೊಳವೂ ಇಲ್ಲ, ಮೆಟ್ಟಿಲೂ ಇಲ್ಲ. ಬೋಳು ನೆಲ, ಅದರಾಚೆ ಹಾಳು ಗೋಡೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಆಮೇಲೆ ತಿಳಿಯಿತು, ಅದೇ ವರ್ಷ ಯಾರದೋ ಬೇಲಿಯ ವ್ಯಾಜ್ಯದಲ್ಲಿ ದೊಡ್ಡ ಕೋರ್ಟು ಹೊಸ ಮಾತು ಹೇಳಿತ್ತಂತೆ. ಆಕ್ಷೇಪಣೆಯೆನ್ನುವುದು ಒಬ್ಬೊಬ್ಬ ಮನುಷ್ಯನ ಸ್ವಂತ ಹಕ್ಕು, ಒಬ್ಬರ ಪರವಾಗಿ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ನಮ್ಮಂಥವರಿಗೂ ಒಬ್ಬೊಬ್ಬರಿಗೆ ಪ್ರತ್ಯೇಕ ಮರ್ಯಾದೆ. ಆ ಮರ್ಯಾದೆ ನಮ್ಮ ಬೀದಿಗೆ ಬಂದಿಳಿದದ್ದು ಮಾತ್ರ ಹೀಗೆ, ಇದ್ದ ಕೊಳವನ್ನೂ ಕಣ್ಣಿಂದ ಒರೆಸಿಕೊಂಡು. ನಾವು ಹಾಗೆ ನಿಂತಿರುವಾಗಲೇ ಕತ್ತೆಗಳು ದಿನದಂತೆ ಬಯಲಿಗೆ ನುಗ್ಗಿದವು. ಅವುಗಳಿಗೆ ಯಾವ ನೋಟೀಸೂ ತಟ್ಟಿರಲಿಲ್ಲ. ಒಂದೊಂದೇ ಹೆಜ್ಜೆ ಇಳಿದ ಹಾಗೆ ಕಾಲು ಮರೆಯಾಯಿತು, ಹೊಟ್ಟೆ ಮರೆಯಾಯಿತು, ಬೋಳು ನೆಲದ ಮೇಲೆ ಬರೀ ಕತ್ತೆಯ ಬೆನ್ನುಗಳು ತೇಲತೊಡಗಿದವು. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ನಗು ಬಂದುಬಿಟ್ಟಿತು.

ಸಾಹುಕಾರನ ಬೆನ್ನ ಮೇಲೆ ಕೈಯಿಟ್ಟುಕೊಂಡು ಮುದ್ದೀರಮ್ಮ ಅದರ ಜೊತೆಯಲ್ಲೇ ಇಳಿದಳು, ಮಂಡಿಯ ತನಕ ಮಾಯವಾಗಿ ನಮ್ಮ ಕಡೆ ತಿರುಗಿದಳು. "ಯಾಕೆ ನಿಂತಿರಿ? ನೀರು ಎಲ್ಲೂ ಹೋಗಿಲ್ಲ. ನಾನು ಹೇಳ್ದಂಗೆ ಬನ್ನಿ. ಬಲಗಾಲು ಮುಂದಿಡಿ. ಇನ್ನೊಂದು ಮೆಟ್ಲು. ಹ್ಞಾ, ಈಗ ನೀರು." ಅವಳೊಬ್ಬಳೇ ಆಕ್ಷೇಪಣೆ ಹೇಳಿದವಳು, ಅವಳೊಬ್ಬಳಿಗೇ ಕಾಣುವುದು ಎಂದು ನಮಗೆಲ್ಲ ಆಗಲೇ ಹೊಳೆದಿತ್ತು. ಅವತ್ತಿನಿಂದ ಅವಳದೇ ದರ್ಬಾರು. ಯಾರ ಕಲ್ಲು ಎಲ್ಲಿ, ಪಾಚಿ ಎಲ್ಲಿ ಜಾರುತ್ತದೆ, ಎಲ್ಲ ಅವಳ ಬಾಯಿಂದಲೇ ಬರಬೇಕು. ಹದಿನೈದು ದಿನ ಕಳೆಯುವುದರೊಳಗೆ ನಮ್ಮ ಕಾಲುಗಳು ತಾವೇ ದಾರಿ ಕಲಿತವು. ಬೀಸಿದ ಬಟ್ಟೆ ಗಾಳಿಯಲ್ಲಿ ಕಾಣದ ಯಾವುದಕ್ಕೋ ಬಡಿದು ಟಪ್ಪೆನ್ನುತ್ತಿತ್ತು, ಅದ್ದಿದ ಸೀರೆಯ ಸೆರಗು ನೆಲದೊಳಗೆ ಹೋಗಿ ಒದ್ದೆಯಾಗಿ ಬರುತ್ತಿತ್ತು. ಕೊಳೆ ಮಾತ್ರ ಮೊದಲಿನಂತೆಯೇ ಹೋಗುತ್ತಿತ್ತು. ಕೆಲಸದ ನಡುವೆ ಅವಳು ಆಚೆ ದಡದ ಸುದ್ದಿ ಹೇಳುವಳು: ಇವತ್ತು ತಾವರೆ ಇಷ್ಟು ಬಿಟ್ಟಿವೆ, ಕೊಕ್ಕರೆ ಜೋಡಿ ಬಂದು ಕೂತಿದೆ, ನೀರಿನ ಮೇಲೆ ಮೋಡ ಬಿದ್ದಿದೆ. ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ನಾನು ಕೇಳದವಳ ಹಾಗೆ ಬಟ್ಟೆ ಬಡಿಯುತ್ತಿದ್ದೆ, ಆದರೆ ಮೆಲ್ಲಗೆ ಬಡಿಯುತ್ತಿದ್ದೆ. ನನ್ನ ಕಲ್ಲಿನ ದಾರಿಯನ್ನು ಅವಳು ಸಾಹುಕಾರನಿಗೆ ಹೇಳಿದಳು, ನಾನು ಸಾಹುಕಾರನಿಂದ ಕೇಳಿಸಿಕೊಂಡೆ.

ಯೋಜನಾ ಕಚೇರಿಯ ಸಾಹೇಬರು ಒಂದು ದಿನ ಜೀಪಿನಲ್ಲಿ ಬಂದರು. ತಾವೇ ಹೊರಡಿಸಿದ ನೋಟೀಸಾದರೂ ಕೊಳ ಅವರಿಗೂ ಕಾಣುವುದಿಲ್ಲವಲ್ಲ, ಬಹಳ ದೂರದಲ್ಲೇ ನಿಂತು ಮಾತಾಡಿದರು. "ನೋಡಿ ತಾಯಿ, ನಿಮ್ಮ ಹಕ್ಕಿಗೆ ನಾವು ಚ್ಯುತಿ ತರೋದಿಲ್ಲ. ನಿಮ್ಮ ಹೆಸರಿಗೇ ಒಂದು ತೊಟ್ಟಿ ಕಟ್ಟಿಸಿ ಕೊಡ್ತೀವಿ, ಮನೆ ಬಾಗಿಲಿಗೇ ನಲ್ಲಿ. ಆಕ್ಷೇಪಣೆ ವಾಪಸ್ ತಗೊಳ್ಳಿ, ಸಾಕು." ಮುದ್ದೀರಮ್ಮ ಸೀರೆ ಹಿಂಡುತ್ತಾ ಕೇಳಿದಳು, "ನನ್ನ ತೊಟ್ಟೀಲಿ ಇವರೆಲ್ಲ ಒಗೀಬೌದಾ ಸ್ವಾಮಿ?" ಸಾಹೇಬರು ನಕ್ಕರು. "ಅದು ನಿಮ್ಮ ಸ್ವಂತದ್ದಲ್ವಾ ತಾಯಿ. ಅವರಿಗೆ ಬೇಕಾಗಿದ್ರೆ ಅವರೂ ಆಕ್ಷೇಪಣೆ ಕೊಡಬೇಕಿತ್ತು." ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಜೀಪು ಹೋದ ಮೇಲೂ ಹುಡುಗಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಎಷ್ಟಾದರೂ ನನ್ನ ಓರಗಿತ್ತಿ.

ಸ್ವಲ್ಪ ದಿನಕ್ಕೆ ಕಚೇರಿಯವರು ಕೋರ್ಟಿಗೆ ಹೋದರೆಂಬ ಸುದ್ದಿ ಬಂತು. ಮುದ್ದೀರಮ್ಮನಿಗೂ ಕೊಳ ಕಾಣುವುದಿಲ್ಲ, ಆದ್ದರಿಂದ ಊರಿನಲ್ಲಿ ಕಾಣುವವರು ಯಾರೂ ಇಲ್ಲ, ಮುಚ್ಚಲು ಅಪ್ಪಣೆ ಕೊಡಬೇಕು ಎಂದು ಅವರ ಅರ್ಜಿ. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಾ ತಾವರೆ ಎಣಿಸುವವಳಿಗೆ ಕಾಣುವುದಿಲ್ಲವಂತೆ! ನಾನೂ ನಕ್ಕೆ. ಆ ನಗು ವಾರವೂ ಉಳಿಯಲಿಲ್ಲ. ಅವಳ ಮಗ ಸಾಹುಕಾರನ ಮೇಲೆ ಗಂಟು ಹೇರಿಕೊಂಡು ಊರೊಳಗೆ ಹೋಗಿದ್ದ ಒಂದು ಮಧ್ಯಾಹ್ನ, ಮುದ್ದೀರಮ್ಮ ಒಬ್ಬಳೇ ಹಿತ್ತಲಿಂದ ಹೊರಟಳು. ಒಂದು ಕೈ ಮುಂದೆ ಚಾಚಿತ್ತು. ಹಿತ್ತಲ ನಡುವೆ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆ ಕುದಿಯುತ್ತಿತ್ತು. ಹಂಡೆಯ ಮೇಲೆ ಯಾರೂ ನೋಟೀಸು ಅಂಟಿಸಿರಲಿಲ್ಲ, ಅದು ಎಲ್ಲರಿಗೂ ಕಾಣುವ ವಸ್ತು. ಅವಳು ನೆಟ್ಟಗೆ ಅದರ ಕಡೆಗೇ ನಡೆದಳು. "ಅಕ್ಕಾ!" ಎಂದು ಕಿರುಚಿ ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬೂದಿಯ ಮೇಲೆ ಬಿದ್ದೆವು. ಅಷ್ಟು ವರ್ಷಗಳ ಮೇಲೆ ಅವಳನ್ನು ನಾನು ನೇರವಾಗಿ ಕರೆದದ್ದು ಅದೇ ಮೊದಲು.

"ಎಷ್ಟು ದಿನದಿಂದ ಅಕ್ಕ?" ಎಂದು ಕೇಳಿದೆ. ಅವಳು ಸೀರೆಗೆ ಅಂಟಿದ ಬೂದಿ ಕೊಡವಿದಳು. "ತಕರಾರು ಕೊಡೋಕೆ ಹೋದಾಗಲೇ ಮಬ್ಬು ಮಬ್ಬು. ಶ್ರಾವಣದ ಹೊತ್ತಿಗೆ ಅದೂ ಹೋಯ್ತು. ಆಸ್ಪತ್ರೇಲಿ ತೋರಿಸ್ದೆ. ಪೊರೆ ಅಲ್ವಂತೆ, ನರ ಒಣಗೈತಂತೆ, ತೆಗೆಯೋಕೆ ಏನೂ ಇಲ್ಲ ಅಂದ್ರು." ಮಗನಿಗೂ ಸೊಸೆಗೂ ಗೊತ್ತಿತ್ತು, ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡಿದ್ದಳು. "ಹಂಗಾದ್ರೆ ನಮ್ಮನ್ನ ಇಳಿಸ್ತಿದ್ದೋರು ಯಾರು?" "ಸಾಹುಕಾರ ಕಣಮ್ಮಿ. ಅದು ನಿಂತ ಕಡೆ ನೀರು. ನಾನು ಅದರ ಬೆನ್ನು ಹಿಡ್ಕೊಂಡು ನಿಮಗೆ ಹೇಳ್ತಿದ್ದೆ." "ತಾವರೆ? ಕೊಕ್ಕರೆ?" ಅವಳು ಮುಖ ಆ ಕಡೆ ತಿರುಗಿಸಿದಳು. "ಏನು ಹೇಳ್ಲಿ ಮತ್ತೆ? ಏನೂ ಇಲ್ಲ ಅಂತ ಹೇಳಿದ್ರೆ ನೀವು ಇಳೀತಿದ್ರಾ?" ಅಷ್ಟು ದಿನ ನಾವೆಲ್ಲ ಕಣ್ಣಿದ್ದವಳ ಹಿಂದೆ ಹೋಗುತ್ತಿದ್ದೇವೆ ಎಂದುಕೊಂಡಿದ್ದೆವು. ಅವಳು ನಮಗಿಂತಲೂ ಹೆಚ್ಚಿನ ಕತ್ತಲೆಯಲ್ಲಿ ನಿಂತು ನಮಗೆ ಧೈರ್ಯ ಹೇಳುತ್ತಿದ್ದಳು. ನಾನೋ, ಕಲ್ಲಿನ ಸಿಟ್ಟಿಗೆ ಅವಳ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಅತ್ತು ಮುಗಿದ ಮೇಲೆ ಬುದ್ಧಿ ಕೆಲಸ ಮಾಡಿತು. "ಕೋರ್ಟಿನವರು ಕೇಳಿದ್ರೆ ಕಂಡಂಗೇ ಹೇಳಿಬಿಡಕ್ಕ. ಅವರಿಗೂ ಕಾಣಲ್ಲ, ಯಾರು ಸುಳ್ಳು ಅಂತಾರೆ?" ಅಂದೆ. ಅವಳು ತಲೆಯಾಡಿಸಿದಳು. "ನಿಮಗೆ ಹೇಳೋದೇ ಬೇರೆ, ಆಣೆ ಮಾಡಿ ಹೇಳೋದೇ ಬೇರೆ." "ಕಟ್ಟೆ ಹೋಗ್ತದಲ್ಲ?" "ಹೋಗ್ತದೆ ಅಂತ ನನಗೂ ಗೊತ್ತು ಕಣೆ." ವಿಚಾರಣೆಯ ದಿನದವರೆಗೆ ನನಗೆ ಊಟ ಸೇರಲಿಲ್ಲ.

ಹೊಸದಾಗಿ ವರ್ಗವಾಗಿ ಬಂದಿದ್ದ ನ್ಯಾಯಾಧೀಶರು ತಗ್ಗಿದ ದನಿಯ ಮನುಷ್ಯ. ಕೋರ್ಟಿನಲ್ಲಿ ಕೂತು ಕೊಳದ ಮಾತು ತೀರ್ಮಾನಿಸುವುದು ಸರಿಯಲ್ಲವೆಂದು ಸ್ಥಳಕ್ಕೇ ಬಂದರು. ಬೀದಿಯ ಕೊನೆಯಲ್ಲಿ ಮೇಜು ಕುರ್ಚಿ ಹಾಕಿಸಿದರು. ಇಡೀ ಬೀದಿ ಸುತ್ತ ನಿಂತಿತ್ತು. ಕಚೇರಿಯ ವಕೀಲರು ಬಯಲಿಗೆ ಬೆನ್ನು ಮಾಡಿ ನಿಂತು ವಾದ ಶುರು ಮಾಡಿದರು. ಇಲ್ಲಿ ಏನೂ ಇಲ್ಲ ಎನ್ನುವುದು ಎಲ್ಲರ ಕಣ್ಣಿಗೂ ಸ್ಪಷ್ಟವಿದೆ, ಕತ್ತೆಗಳಿಗೆ ಕಾಣಬಹುದು, ಆದರೆ ಕತ್ತೆ ಪ್ರಜೆಯಲ್ಲ ಎಂದು ಕೈ ಬೀಸಿ ಹೇಳುತ್ತಾ ಒಂದು ಹೆಜ್ಜೆ ಹಿಂದಿಟ್ಟರು. "ಸ್ವಾಮೀ, ಹಿಂದೆ ಸರೀಬ್ಯಾಡಿ!" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ವಕೀಲರು ಬೆಚ್ಚಿ ಎರಡು ಹೆಜ್ಜೆ ಮುಂದೆ ಬಂದುಬಿಟ್ಟರು. ನ್ಯಾಯಾಧೀಶರು ತಲೆಯೆತ್ತಿದರು. "ಯಾಕೆ ಮುಂದೆ ಬಂದಿರಿ? ಅಲ್ಲಿ ಏನೂ ಇಲ್ಲ ಅಂದಿರಲ್ಲ?" ವಕೀಲರು ಕೋಟು ಸರಿಮಾಡಿಕೊಂಡು, ಅದು ವಾದಕ್ಕೆ ಸಂಬಂಧಪಟ್ಟ ವಿಷಯವಲ್ಲ ಎಂದರು.

ಆಮೇಲೆ ಮುದ್ದೀರಮ್ಮನನ್ನು ಕರೆದರು. ನಾನೇ ಅವಳ ಕೈ ಹಿಡಿದು ಮೇಜಿನ ಮುಂದೆ ನಿಲ್ಲಿಸಿದೆ. ಆಣೆ ಮಾಡಿಸಿದರು. ವಕೀಲರ ದನಿ ಬೆಣ್ಣೆಯಾಯಿತು. "ನೋಡಮ್ಮ, ನಿಜ ಹೇಳು. ನಿನ್ನ ಎದುರಿಗೆ ಏನು ಕಾಣ್ತಾ ಇದೆ?" ಬೀದಿಯವರು ತಾವರೆಯ ಸುದ್ದಿ ಬರುತ್ತದೆಂದು ಖುಷಿಯಿಂದ ಕಾಯುತ್ತಿದ್ದರು. ನಾನು ಮಾತ್ರ ಅವಳ ಕೈ ಬಿಟ್ಟಿರಲಿಲ್ಲ. ಮುದ್ದೀರಮ್ಮ ಗಂಟಲು ಸರಿಮಾಡಿಕೊಂಡಳು. "ಏನೂ ಕಾಣಲ್ಲ ಸ್ವಾಮಿ" ಅಂದಳು. ಬೀದಿಯವರ ನಡುವೆ ಗುಜುಗುಜು ಎದ್ದಿತು. ವಕೀಲರು ನ್ಯಾಯಾಧೀಶರ ಕಡೆ ತಿರುಗುವಷ್ಟರಲ್ಲಿ ಅವಳು ದನಿ ಏರಿಸಿದಳು, ಆಚೆ ದಡದ ಎಮ್ಮೆ ಓಡಿಸುವ ದನಿ. "ನನ್ನ ಕಣ್ಣು ಹೋಗೈತೆ. ಕಟ್ಟೇನೂ ಕಾಣಲ್ಲ, ನೀವೂ ಕಾಣಲ್ಲ, ಮೇಜಿನ ಹಿಂದೆ ಕೂತಿರೋ ದೊರೆಗಳೂ ಕಾಣಲ್ಲ. ಹಂಗಂತ ನೀವ್ಯಾರೂ ಇಲ್ಲಿಲ್ಲ ಅಂತ ಆಣೆ ಮಾಡಿ ಹೇಳ್ಲಾ?"

ನ್ಯಾಯಾಧೀಶರು ಲೇಖನಿ ಕೆಳಗಿಟ್ಟು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, "ನಿಮಗೆ ಕಾಣುತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ದಿನಾ ಯಾಕೆ ಬರ್ತೀರಿ?" "ಒಗೆಯೋಕೆ ಸ್ವಾಮಿ" ಅಂದೆ. ಅದಕ್ಕಿಂತ ದೊಡ್ಡ ಉತ್ತರ ನನಗೆ ಹೊಳೆಯಲಿಲ್ಲ. ಅವರು ಎದ್ದು ಬಂದರು, ಎಲ್ಲಿಂದ ಮೆಟ್ಟಿಲೆಂದು ಕೇಳಿದರು, ಪಾದರಕ್ಷೆ ಬಿಟ್ಟು ನನ್ನ ತೋಳಿನ ಆಸರೆ ಹಿಡಿದು ಒಂದು ಕಾಲು ಇಳಿಸಿದರು. ಕಾಲು ಕಣಕಾಲಿನವರೆಗೆ ಮಾಯವಾಗಿ, ಒದ್ದೆಯಾಗಿ ಮೇಲೆ ಬಂತು. ಆ ಒದ್ದೆ ಪಾದವನ್ನು ಅವರು ಬಹಳ ಹೊತ್ತು ನೋಡಿದರು. ಒರೆಸಿಕೊಳ್ಳದೆಯೇ ಹೋಗಿ ಕುರ್ಚಿಯಲ್ಲಿ ಕೂತರು.

ತೀರ್ಪು ಓದಿದ್ದು ಮರುವಾರ. ಹಕ್ಕು ಇರುವುದು ಮನುಷ್ಯನಿಗೆ, ಅವನ ಕಣ್ಣಿಗಲ್ಲ. ಆದ್ದರಿಂದ ಮುದ್ದೀರಮ್ಮ ಬದುಕಿರುವ ತನಕ ಅವಳನ್ನು ಕಾಣುವವಳೆಂದೇ ತಿಳಿಯತಕ್ಕದ್ದು. ದೊಡ್ಡ ಕೋರ್ಟಿನ ಮಾತನ್ನು ತಾವು ಮೀರುವಂತಿಲ್ಲ, ಒಬ್ಬರ ಆಕ್ಷೇಪಣೆ ಒಬ್ಬರದೇ. ಆದರೆ ಬೀದಿಗೊಬ್ಬರಿಂದ ಕೇಳಿಕೊಳ್ಳುವ ರೂಢಿಯನ್ನು ಕಚೇರಿಯೇ ಬೆಳೆಸಿ, ಅದನ್ನು ನಿಲ್ಲಿಸಿದ್ದನ್ನು ಯಾರಿಗೂ ತಿಳಿಸದಿದ್ದದ್ದು ಅನ್ಯಾಯ. ಹಾಗಾಗಿ ಬರುವ ಸೋಮವಾರ ಒಂದು ದಿನ ಗಡುವನ್ನು ಮತ್ತೆ ತೆರೆಯಬೇಕು, ಬಂದವರಿಂದ ಬಂದ ಹಾಗೆ ಆಕ್ಷೇಪಣೆ ಕೇಳಬೇಕು. ಬೀದಿಯಲ್ಲಿ ತಮಟೆ ಬಡಿದು ಕುಣಿದರು. ನಾನು ಮುದ್ದೀರಮ್ಮನ ನರೆತ ತಲೆ ನೋಡುತ್ತಾ ಕೂತಿದ್ದೆ. ಅವಳು ಬದುಕಿರುವ ತನಕ ಎಂದರೆ ಎಷ್ಟು ಕಾಲ? ಆಮೇಲೆ? ಆ ಸೋಮವಾರವೇ ಎಲ್ಲ ಎಂದು ನನಗೆ ಅನಿಸಿತು.

ಕಚೇರಿಯವರು ಆಜ್ಞೆಯನ್ನು ಮೀರಲಿಲ್ಲ. ಒಂದು ಕಿಟಕಿ ತೆರೆದರು, ಒಂದೇ ಒಂದು. ಅದರ ಹಿಂದೆ ಇಡೀ ಕಚೇರಿಯಲ್ಲೇ ನಿಧಾನವಾಗಿ ಬರೆಯುವ ಗುಮಾಸ್ತನನ್ನು ಕೂರಿಸಿದರು. ಬಂದವರೆಲ್ಲ ಹೆಸರು, ವಯಸ್ಸು, ಕೊಳದ ನಾಲ್ಕು ದಿಕ್ಕಿನ ಎಲ್ಲೆ ಹೇಳಬೇಕು, ಅವನು ಬರೆದು, ಓದಿ, ಮಸಿ ಆರಿಸಿ, ಮುಂದಿನವರನ್ನು ಕರೆಯಬೇಕು. ಊಟಕ್ಕೆ ಕಿಟಕಿ ಮುಚ್ಚಿದ, ಕಾಫಿಗೆ ಮುಚ್ಚಿದ. ನಮ್ಮ ಬೀದಿಯ ಹಿಂದೆ ದರ್ಜಿಗಳು ನಿಂತಿದ್ದರು, ಆಸ್ಪತ್ರೆಯ ಆಯಾಗಳು ನಿಂತಿದ್ದರು, ಹುಣಿಸೆಮರದ ನಿಂಗಾಚಾರಿಯೂ ನಿಂತಿದ್ದ. ಯಾಕೆ ಬಂದೆ ಎಂದರೆ, "ನನಗೂ ಪಂಚೆ ಒಗೆಸಬೇಕಲ್ಲ" ಅಂದ. ಸಂಜೆಯಾದಾಗ ನಮ್ಮ ಬೀದಿಯ ಅರ್ಧ ಮುಗಿದಿತ್ತು, ನಾನು ಕಿಟಕಿಯ ಮುಂದಿದ್ದೆ. ಗುಮಾಸ್ತ ಗೋಡೆಯ ಗಡಿಯಾರ ನೋಡಿ, "ಇನ್ನೊಬ್ಬರು ಮಾತ್ರ" ಎಂದ.

ಆ ಒಬ್ಬಳು ನಾನೇ. ಹೆಸರು ಬಾಯ ತುದಿಯಲ್ಲಿತ್ತು. ಮಡಿಕಟ್ಟೆಯನ್ನು ಮತ್ತೆ ನೋಡಬೇಕೆಂಬ ಆಸೆ ನನಗೆಷ್ಟಿತ್ತು ಎನ್ನುವುದು ಆ ಕ್ಷಣದಲ್ಲೇ ತಿಳಿದದ್ದು. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಅತ್ತೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ತೋರಿಸಿದ್ದ ನೀರು ಅದು. ಹಿಂದೆ ತಿರುಗಿ ನೋಡಿದೆ. ಸಾಲಿನ ಮಧ್ಯದಲ್ಲಿ ಮುದ್ದೀರಮ್ಮನ ಸೊಸೆ ಪದುಮ, ಕಂಕುಳಲ್ಲಿ ಕೂಸು. ಅತ್ತೆಗೆ ಊಟ ಬಡಿಸಿ, ಮಗುವಿಗೆ ನೀರು ಹಾಕಿ ಬರುವಷ್ಟರಲ್ಲಿ ಅವಳಿಗೆ ಹೊತ್ತಾಗಿತ್ತು. ಕಿಟಕಿ ತಲುಪಿದವರಲ್ಲಿ ಬಹಳ ಮಂದಿ ನನ್ನ ವಯಸ್ಸಿನವರು, ಬೆಳಿಗ್ಗೆ ಬೇಗ ಏಳುವ ಮುದುಕಿಯರು. ನಾವೆಲ್ಲ ಕಂಡು ಎಷ್ಟು ದಿನ ಕಾಣುತ್ತೇವೆ? ಈ ಹುಡುಗಿ ಕಂಡರೆ ಕೊಳ ಅವಳ ಆಯಸ್ಸಿನಷ್ಟು ಉಳಿಯುತ್ತದೆ. ನನ್ನ ಹಕ್ಕು ನನ್ನೊಬ್ಬಳದೇ, ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ದೊಡ್ಡ ಕೋರ್ಟೇ ಹೇಳಿದೆ. ಸಾಲಿನ ಜಾಗ ಬಿಟ್ಟುಕೊಡುವುದಕ್ಕೆ ಮಾತ್ರ ಯಾವ ಕೋರ್ಟೂ ಅಡ್ಡ ಬಂದಿಲ್ಲ. "ಪದುಮಾ, ಬಾ ಇಲ್ಲಿ" ಎಂದು ಕೂಗಿದೆ. ಅವಳು ಗಾಬರಿಯಿಂದ, "ಚಿಕ್ಕತ್ತೆ, ನೀವು?" ಅಂದಳು. "ನನ್ನ ಕಾಲಿಗೆ ದಾರಿ ಗೊತ್ತು. ಕೂಸು ಕೊಡು ಇಲ್ಲಿ, ನೀನು ಹೆಸರು ಹೇಳು" ಎಂದು ಮಗುವನ್ನು ಕಿತ್ತುಕೊಂಡು ಪಕ್ಕಕ್ಕೆ ಸರಿದೆ. ಅವಳು ಎಲ್ಲೆಗಳನ್ನು ಹೇಳುತ್ತಿದ್ದಾಗ ನನ್ನ ಕಣ್ಣು ತುಂಬಿದ್ದು ನಿಜ. ಕೂಸು ನನ್ನ ಮೂಗುತಿಯನ್ನು ಎಳೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೋದೆವು, ಕಾಣುವವರೂ ಕಾಣದವರೂ. ಬೀದಿಯ ಕೊನೆಯಲ್ಲಿ ಪದುಮ ತಟಕ್ಕನೆ ನಿಂತುಬಿಟ್ಟಳು, ಕೈ ಬಾಯಿಗೆ ಹೋಯಿತು. ಸೋಮವಾರ ಹೆಸರು ಹೇಳಿ ಕಣ್ಣು ಪಡೆದ ಉಳಿದವರೂ ಅಲ್ಲೇ ನಿಂತರು. ಸಾಹುಕಾರನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದ ಮುದ್ದೀರಮ್ಮ, "ಏನೈತೆ ಹೇಳಮ್ಮಿ" ಅಂದಳು. ಪದುಮ ನನ್ನ ಮುಖ ನೋಡಿದಳು. ಏನೋ ಸರಿಯಿಲ್ಲವೆಂದು ಅವಳ ಕಣ್ಣಿನಲ್ಲೇ ಗೊತ್ತಾಯಿತು, ಹೇಳಬೇಡವೆಂದು ನಾನು ಸನ್ನೆ ಮಾಡಿದೆ. "ತಾವರೆ ಅವೆ ಅತ್ತೆ" ಎಂದಳು ಅವಳು, "ತುಂಬ ಅವೆ. ಬೆಳ್ಳಗೆ." ಮುದ್ದೀರಮ್ಮ ಗೊಳ್ಳೆಂದು ನಕ್ಕಳು. "ನಮ್ಮ ಕಟ್ಟೇಲಿ ಬಿಳೀ ತಾವರೆ ಯಾವತ್ತು ಬಿಟ್ಟಿತ್ತೆ? ಸುಳ್ಳು ಹೇಳೋದು ನಂಗೆ ಬಿಡು, ನಿಂಗೆ ಬರಲ್ಲ. ಇರೋದ್ನ ಹೇಳು."

ಪದುಮ ಅಳುತ್ತಾ ಇದ್ದದ್ದನ್ನು ಹೇಳಿದಳು. ಆಚೆ ದಡದಲ್ಲಿ ತಾವರೆಯೇ ಇರಲಿಲ್ಲ. ಅಲ್ಲೆಲ್ಲ ರಾತ್ರಿ ಹೊತ್ತಿನಲ್ಲಿ ಯಾರೋ ಗಾಡಿಗಟ್ಟಲೆ ಇಟ್ಟಿಗೆ ಚೂರು, ಒಡೆದ ಹೆಂಚು, ಕಲ್ಲುಮಣ್ಣು ಸುರಿದಿದ್ದರು, ನೀರಿನ ಹರವು ಅರ್ಧಕ್ಕೆ ಬಂದಿತ್ತು. ಯಾರಿಗೂ ಕಾಣದ ಕಡೆ ಸುರಿದರೆ ಕೇಳುವವರು ಯಾರು? ಅಕ್ಕನಿಗೆ ಕಾಣುವುದಿಲ್ಲವೆಂಬ ಅನುಮಾನ ಕಚೇರಿಗೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ಎಮ್ಮೆ ಇಳಿದರೆ ಊರು ಎಬ್ಬಿಸುತ್ತಿದ್ದವಳು ಮೊದಲ ಗಾಡಿ ಮಣ್ಣು ಬಿದ್ದ ಮಾರನೆಯ ಬೆಳಿಗ್ಗೆಯೂ ಸುಮ್ಮನಿದ್ದಳಲ್ಲ, ಅದೇ ಅವರಿಗೆ ಸಾಕಾಗಿತ್ತು. ಅವಳಿಗೂ ಅದು ಹೊಳೆದಿರಬೇಕು. ಕತ್ತೆಯ ಕುತ್ತಿಗೆ ಒಮ್ಮೆ ಸವರಿದಳು. ಆಮೇಲೆ, "ಅಳೋದ್ಯಾಕೆ? ಕಾಣೋರು ಇಷ್ಟು ಜನ ಆದ್ರಲ್ಲ. ಎತ್ತಿ ಆಚೆ ಹಾಕಿ" ಅಂದಳು.

ಪದುಮ ಮೊದಲು ಸೆರಗು ಕಟ್ಟಿದಳು. ಅವಳ ಹಿಂದೆ ಉಳಿದವರು ಬುಟ್ಟಿ ಗುದ್ದಲಿ ತಂದು ಆಚೆ ದಡಕ್ಕೆ ಹೋದರು. ನನಗೆ ಕಂಡದ್ದು ಬಯಲಿನಲ್ಲಿ ಬಗ್ಗಿ ಏಳುವ ಹೆಂಗಸರು, ಅವರ ಬುಟ್ಟಿಯೊಳಗೆ ಎಲ್ಲಿಂದಲೋ ಹುಟ್ಟಿಬರುವ ಇಟ್ಟಿಗೆ ಚೂರು ಮಾತ್ರ. ನಾನು ನನ್ನ ಗಂಟು ಬಿಚ್ಚಲು ನನ್ನ ಕಲ್ಲಿನ ಕಡೆ ಹೊರಟೆ. ಆಗಲೇ ನೀರಿಗಿಳಿದಿದ್ದ ಮುದ್ದೀರಮ್ಮನ ಕೈ ನನ್ನ ಹೆಜ್ಜೆಯ ಸಪ್ಪಳಕ್ಕೆ ಚಾಚಿ ಬಂದು ನನ್ನ ಮುಂಗೈ ಹಿಡಿಯಿತು. "ಅತ್ಲಾಗೆ ಎಲ್ಲಿಗೆ ಹೋಗ್ತೀಯ ಹೊಂಬಾಳಿ? ನೀನು ಆ ಕಡೆ ನಿಂತ್ಕೋ, ನಾನು ಈ ಕಡೆ" ಎಂದು ನನ್ನ ಅಂಗೈಯನ್ನು ಅತ್ತೆಯ ಕಲ್ಲಿನ ಮೇಲೆ ಇಟ್ಟಳು. ಅದೇ ನುಣುಪು, ನಡುವೆ ಅತ್ತೆಯ ಕಾಲದಿಂದ ಸವೆದ ಅದೇ ಸಣ್ಣ ತಗ್ಗು. ನಾನು ಒಂದು ಸೀರೆ ಅದ್ದಿದೆ, ಅವಳು ಒಂದು ಅದ್ದಿದಳು. ಅವಳು ಎತ್ತಿದಾಗ ನಾನು ಬಡಿದು, ನಾನು ಎತ್ತಿದಾಗ ಅವಳು ಬಡಿದು, ಇಬ್ಬರೂ ಕಾಣದ ಕಲ್ಲಿನ ಮೇಲೆ ಮಧ್ಯಾಹ್ನದವರೆಗೆ ಒಗೆದೆವು.